ಕಾಂಗ್ರೆಸ್ಸಿನ ಬಗ್ಗೆ ಬರೆದ ನಾಲ್ಕು ಪುಟ

ಕಮಲಾಪುರ
ತಾ. ೨೮-೧೦-೧೯೩೮

ಚಿ. ಸೌ. ಜಯದೇವಿಗೆ ನಿನ್ನ ದೊಡ್ಡಮಾವನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮವೆಂದು ಬರೆಯುವ ರೂಢಿಯನ್ನು ಈ ಸಲ ಬಿಡುತ್ತೇನೆ. ಸಾಯಬಣ್ಣನನ್ನು ಪೊಲೀಸರು ಕಲಬುರಗಿಗೆ ಒಯ್ದು ಇವತ್ತಿಗೆ ನಾಲ್ಕು ದಿನ. ನೀನು ಮರುದಿನವೇ ಮೋಟರು ಹತ್ತಿ ಅಲ್ಲಿಯ ತವರಿಗೆ ಹೋದೆ. ಗಂಡ ಜೇಲಿನಲ್ಲಿರುವಾಗ ಇಪ್ಪತ್ತು-ಇಪ್ಪತ್ತೈದು ಮೈಲು ದೂರ ಕುಳಿತು ಮಾಡುವುದೇನು, ಒಳ್ಳೆಯದನ್ನೇ ಮಾಡಿದೆ. ನಾನು ಬರಲಿಲ್ಲ. ಮೊಣಕಾಲು ನೋವೆಂದು ನಿನ್ನ ಅತ್ತೆಗೆ ಹೇಳಿದೆ.

ಆಕೆ ನಂಬಲಿಲ್ಲ. ನಿನ್ನೆ ರೊಟ್ಟಿ ಬಡಿಯುತ್ತ, "ಊರಿಗೆಲ್ಲ ಕಾಂಗ್ರೆಸ್ ಹೇಳಿದವರು ನೀವು. ಹಿಡಕೊಂಡು ಹೋಗಿದ್ದು ನನ್ನ ಮಗನ್ನ" ಅಂದಳು. ಹೆತ್ತ ಮಗನಲ್ಲದಿದ್ದರೂ ಸೂಗಮ್ಮನ ಬಾಯಲ್ಲಿ ಅವನು ಎಂದೂ ಮೈದುನನ ಮಗನಾಗಿಲ್ಲ. ನನ್ನ ತಮ್ಮ ಸತ್ತಾಗ ನಾಲ್ಕು ವರ್ಷದವನಾಗಿ ನಮ್ಮ ಉಡಿಗೆ ಬಿದ್ದ ಕೂಸು.

ವಕೀಲರು ಕೇಳಿದರೆ ಹೀಗೆ ಹೇಳು. ನಮ್ಮದು ಬಟ್ಟೆ ಅಂಗಡಿ. ಸೊಲ್ಲಾಪುರದಿಂದ ಸೀರೆಯ ಗಂಟು ಬರುತ್ತದೆ, ಮೈಬೂಬ ತನ್ನ ಬಂಡಿಯಲ್ಲಿ ಸ್ಟೇಶನ್ನಿನಿಂದ ತರುತ್ತಾನೆ. ಸೀರೆಗಳ ನಡುವೆ ಮಡಿಕೆ ಕೆಡದಂತೆ ಮರಾಠಿ ಪತ್ರಿಕೆಯ ಹಾಳೆ ಹಾಕಿರುತ್ತಾರೆ. ಶಾಲೆ ಕಾಣದ ನಾನು ಮರಾಠಿ ಓದಲು ಕಲಿತದ್ದೇ ಆ ಹಾಳೆಗಳಿಂದ. ಸಂಜೆ ಅಂಗಡಿಯ ಜಗಲಿಯ ಮೇಲೆ ಕುಳಿತು ಅವನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ, ಇಪ್ಪತ್ತೆಂಟು ವರ್ಷವಾಯಿತು. ಒಂದಕ್ಕೆ ತಲೆ ಇರುವುದಿಲ್ಲ, ಒಂದಕ್ಕೆ ಬಾಲ ಇರುವುದಿಲ್ಲ. ಹರಿದುಹೋದಲ್ಲಿ ನನ್ನ ನಾಲ್ಕು ಮಾತು ಹಾಕಿ ಹೊಲಿಯುತ್ತಿದ್ದೆ. ಕೇಳುವವರಿಗೆ ಹೊಲಿಗೆ ಕಾಣುತ್ತಿರಲಿಲ್ಲ. ಸಾಯಬಣ್ಣ ಅದನ್ನು ಕೇಳಿ ಬೆಳೆದವನು. ಆರು ಜನ ಗೆಳೆಯರನ್ನು ಕೂಡಿಸಿ ವಾಚನಾಲಯ ತೆರೆದ, ಖಾದಿ ಉಟ್ಟ. ಅದು ಬಿಟ್ಟು ಅವನ ಅಪರಾಧ ನಾನು ಕಾಣೆ.

ಕಳೆದ ತಿಂಗಳು ನಮ್ಮ ನಿಜಾಮರ ಸರಕಾರ ಸ್ಟೇಟ್ ಕಾಂಗ್ರೆಸ್ಸಿಗೆ ಬಂದಿ ಹಾಕಿ ನಿಷೇಧಿಸಿತಲ್ಲ, ಇವನನ್ನು ಅದರ ಮನುಷ್ಯನೆಂದು ಹಿಡಿದಿರಬೇಕು. ಆದರೆ ಏನಾದರೂ ಆಧಾರ ಬೇಕಲ್ಲ? ಯಾರಾದರೂ ಏನಾದರೂ ಬರೆದುಕೊಟ್ಟಿದ್ದಾರೆಯೇ? ಯಾವುದಾದರೂ ಕಾಗದವಿದೆಯೇ? ಬೇಗ ತಿಳಿದು ಬರೆ.

ಮೈಬೂಬನ ಕೈಯಲ್ಲಿ ಒಂದು ಗೊನೆ ಕೆಂಪು ಬಾಳೆಹಣ್ಣು ಕಳಿಸಿದ್ದೇನೆ. ಜೇಲಿನವರು ಬಿಟ್ಟರೆ ಕೊಡು.

ನಿನ್ನ ದೊಡ್ಡಮಾವ,
ಅಣವೀರಪ್ಪ

*

ಕಲಬುರಗಿ
ತಾ. ೬-೧೧-೧೯೩೮

ದೊಡ್ಡಮಾವನವರಿಗೆ ಜಯದೇವಿಯ ಶರಣಾರ್ಥಿ.

ಹಣ್ಣು ಮುಟ್ಟಿತು. ಮೈಬೂಬ ಕಾಕಾ ಜೇಲಿನ ಬಾಗಿಲಲ್ಲಿ ಅರ್ಧ ದಿನ ನಿಂತು, ಕಾವಲಿನವನನ್ನು ಕಾಡಿ ಬೇಡಿ ಒಳಗೆ ಕಳಿಸಿದರು. ಇವರು ಆರೋಗ್ಯದಿಂದ ಇದ್ದಾರೆ. ಸ್ವಲ್ಪ ಇಳಿದಿದ್ದಾರೆ.

ನೀವು ಕೇಳಿದ್ದು ಸರಿ, ಒಂದು ಕಾಗದವಿದೆ. ವಕೀಲರಿಗೆ ಅದರ ಉರ್ದು ತರ್ಜುಮೆಯನ್ನು ಗುಮಾಸ್ತ ಓದಿ ಹೇಳಿದನಂತೆ. ಬರೆದವನ ಹೆಸರು ಮಾತ್ರ ಹೇಳಲಿಲ್ಲವಂತೆ. ನಾಲ್ಕು ಪುಟ. ಕಾಂಗ್ರೆಸ್ಸಿನ ಚರಿತ್ರೆ ಮತ್ತು ತತ್ತ್ವ ಎಂದು ಶುರುವಾಗುತ್ತದಂತೆ. ಕಾಂಗ್ರೆಸ್ಸು ಹುಟ್ಟಿದ ದಿನದಿಂದ ಸಿಂಹಾಸನಗಳನ್ನು ಕಿತ್ತೊಗೆಯಲು ಪಣ ತೊಟ್ಟಿದೆ, ಇಲ್ಲಿಯ ಸ್ಟೇಟ್ ಕಾಂಗ್ರೆಸ್ಸೂ ಅದೂ ಒಂದೇ, ಖಾದಿ ಉಟ್ಟು ನಾಲ್ಕಾಣೆ ಕೊಟ್ಟವನು ಅದರ ಸಿಪಾಯಿ, ಅದು ಹಿಂದೂಗಳ ಪಾರ್ಟಿ, ಹೀಗೆಲ್ಲ ಇದೆ. ವಕೀಲರು ಹಣೆ ಹಣೆ ಬಡಿದುಕೊಂಡರು. "ಬರದವ ಯಾವನೋ ತಲಿ ಕೆಟ್ಟ ಹಾಪ್ ಇದ್ದಾನವ್ವ, ಆದ್ರ ಭಾಳ ಠೀವಿಲೆ ಬರದಾನ. ಅದಕ್ಕ ನಂಬ್ಯಾರ" ಅಂದರು.

ದೊಡ್ಡಮಾವ, ಕಾಂಗ್ರೆಸ್ಸೆಂದರೆ ನಿಜವಾಗಿ ಏನು, ಎಂದು ಹುಟ್ಟಿತು, ಏನು ಕೇಳುತ್ತದೆ ಎಂದು ಸರಿಯಾಗಿ ಬರೆದ ಕಾಗದ ವಕೀಲರಿಗೆ ಬೇಕು. ನಮ್ಮ ದೊಡ್ಡಮಾವನಿಗಿಂತ ಬಲ್ಲವರು ಆ ಸೀಮೆಯಲ್ಲಿ ಯಾರೂ ಇಲ್ಲ ಎಂದು ನಾನೇ ಹೇಳಿದೆ. ಬೇಗ ಬರೆದು ಕಳಿಸಿ.

ಆ ನಾಲ್ಕು ಪುಟ ಬರೆದವನ ಕೈ ಸೇದಿಹೋಗಲಿ. ಹೆಚ್ಚು ಬರೆಯಲಾರೆ.

ನಿಮ್ಮ ಸೊಸೆ,
ಜಯದೇವಿ

*

ಕಮಲಾಪುರ
ತಾ. ೧೪-೧೧-೧೯೩೮

ಚಿ. ಸೌ. ಜಯದೇವಿಗೆ ಆಶೀರ್ವಾದ.

ತಡವಾಯಿತು. ನನ್ನ ಹಾಳೆಗಳ ಮೇಲೆ ನನಗೇ ಭರವಸೆ ಉಳಿದಿರಲಿಲ್ಲ. ಹುಮನಾಬಾದದಲ್ಲಿ ಒಬ್ಬ ಮುದುಕ ಮಾಸ್ತರರಿದ್ದಾರೆ, ಧಾರವಾಡದಲ್ಲಿ ಅಚ್ಚಾದ ಪುಸ್ತಕಗಳನ್ನು ಕಾಳಿನ ಗುಮ್ಮಿಯಲ್ಲಿ ಮುಚ್ಚಿಟ್ಟುಕೊಂಡವರು. ಎರಡು ದಿನ ಅವರ ಮನೆಯಲ್ಲಿ ಕುಳಿತು ಒಂದೊಂದೇ ತಾಳೆ ನೋಡಿದೆ. ಅವರು ನನ್ನ ತಪ್ಪು ಹುಡುಕಿ ಹುಡುಕಿ ನಕ್ಕರು. "ಅಲ್ರೀ ಸಾವಕಾರ್ರ, ಇಷ್ಟ ವರ್ಷ ಊರ ಮಂದಿಗಿ ಇದನ್ನ ಹೇಳೀರೇನು?" ಅಂದರು. ಹೌದೆಂದೆ.

ವಕೀಲರಿಗೆ ಬೇರೆ ಹಾಳೆಯಲ್ಲಿ ಒಪ್ಪವಾಗಿ ಬರೆದಿದ್ದೇನೆ. ನಿನಗೂ ಗೊತ್ತಿರಲೆಂದು ಇಲ್ಲಿ ಬರೆಯುತ್ತೇನೆ.

ಕಾಂಗ್ರೆಸ್ಸು ಮೊದಲು ಕೂಡಿದ್ದು ೧೮೮೫ನೆಯ ಇಸವಿಯ ಡಿಸೆಂಬರದಲ್ಲಿ, ಮುಂಬಯಿಯ ಒಂದು ಸಂಸ್ಕೃತ ಪಾಠಶಾಲೆಯಲ್ಲಿ. ಪುಣೆಯಲ್ಲಿ ಸೇರಬೇಕೆಂದಿದ್ದರು, ಅಲ್ಲಿ ಕಾಲರಾ ಬಿದ್ದಿತ್ತು. ಬಂದವರು ಎಪ್ಪತ್ತೆರಡು ಜನ, ಬಹಳ ಮಟ್ಟಿಗೆ ವಕೀಲರು, ಪತ್ರಿಕೆಯವರು. ಅವರನ್ನು ಕೂಡಿಸಲು ಓಡಾಡಿದವನು ಹ್ಯೂಮ್ ಎಂಬ, ನೌಕರಿಯಿಂದ ನಿವೃತ್ತನಾದ ಇಂಗ್ರೇಜಿಯವನು. ಇದನ್ನು ನಾನು ಜಗಲಿಯ ಮೇಲೆ ಎಂದೂ ಹೇಳಿಲ್ಲ. ಹೇಳಿದರೆ ಕೇಳುವವರ ಮುಖ ಸಣ್ಣದಾಗುತ್ತಿತ್ತು. ಮೊದಲ ಇಪ್ಪತ್ತು ವರ್ಷ ಅದು ಯಾರ ಸಿಂಹಾಸನವನ್ನೂ ಮುಟ್ಟಿ ಮಾತಾಡಲಿಲ್ಲ. ರಾಣಿಗೆ ನಿಷ್ಠೆ ಹೇಳಿ, ಅರ್ಜಿ ಬರೆದು, ದೊಡ್ಡ ನೌಕರಿಯ ಪರೀಕ್ಷೆ ನಮ್ಮ ದೇಶದಲ್ಲಿಯೂ ನಡೆಯಲಿ, ಕಾಯಿದೆ ಮಾಡುವ ಸಭೆಗೆ ನಮ್ಮವರನ್ನೂ ಆರಿಸಲಿ, ಫೌಜಿನ ಖರ್ಚು ಇಳಿಯಲಿ ಎಂದು ಕೇಳಿಕೊಂಡಿತು. ಬಂಗಾಲವನ್ನು ಒಡೆದ ಮೇಲೆ ಸ್ವದೇಶಿಯ ಮಾತು ಬಲವಾಯಿತು. ಮಂದಗಾಮಿಗಳು, ತೀವ್ರಗಾಮಿಗಳು ಎಂದು ಎರಡಾಗಿ ೧೯೦೭ರಲ್ಲಿ ಸೂರತ್ತಿನಲ್ಲಿ ಚಪ್ಪಲಿ ತೂರಾಡಿದರು. ಒಂಬತ್ತು ವರ್ಷದ ಮೇಲೆ ಲಖನೌದಲ್ಲಿ ಮತ್ತೆ ಒಂದಾದರು.

೧೯೨೦ರಲ್ಲಿ ನಾಗಪುರದಲ್ಲಿ ಅದರ ಧ್ಯೇಯವನ್ನು ಹೊಸದಾಗಿ ಬರೆದರು: ಶಾಂತಿಯುತವಾದ, ನ್ಯಾಯವಾದ ಮಾರ್ಗದಿಂದ ಸ್ವರಾಜ್ಯ. ಈ "ಶಾಂತಿಯುತ, ನ್ಯಾಯ" ಎಂಬೆರಡು ಮಾತು ಬಿಟ್ಟು ಉಳಿದದ್ದನ್ನು ಓದಿದರೆ ಅದು ಕಾಂಗ್ರೆಸ್ಸೇ ಅಲ್ಲ. ಸದಸ್ಯರು ಕೊಡುವ ನಾಲ್ಕಾಣೆಯ ವರ್ಗಣಿ ಆಗಲೇ ಬಂದದ್ದು. ಕರ್ನಾಟಕಕ್ಕೆ ಕಾಂಗ್ರೆಸ್ಸಿನಲ್ಲಿ ತನ್ನದೇ ಪ್ರಾಂತವಾದದ್ದೂ ಆಗಲೇ, ನಾಲ್ಕು ವರ್ಷದ ಮೇಲೆ ಬೆಳಗಾವಿಯಲ್ಲಿ ಅಧಿವೇಶನವೇ ನಡೆಯಿತು. ಪೂರ್ಣ ಸ್ವರಾಜ್ಯವೆಂಬ ಮಾತು ಬಂದದ್ದು ೧೯೨೯ರ ಲಾಹೋರಿನಲ್ಲಿ, ಹುಟ್ಟಿದ ನಲವತ್ತನಾಲ್ಕು ವರ್ಷಕ್ಕೆ. ಎರಡು ವರ್ಷದ ಮೇಲೆ ಕರಾಚಿಯಲ್ಲಿ, ರಾಜ್ಯವು ಯಾವ ಧರ್ಮದ ಪಕ್ಷವನ್ನೂ ಹಿಡಿಯಬಾರದೆಂದು ಬರೆದುಕೊಂಡಿತು.

ಇನ್ನು ಸಂಸ್ಥಾನಗಳ ಮಾತು. ಈ ವರ್ಷವೇ ಹರಿಪುರದ ಅಧಿವೇಶನದಲ್ಲಿ, ಸಂಸ್ಥಾನಗಳೊಳಗಿನ ಹೋರಾಟವನ್ನು ಕಾಂಗ್ರೆಸ್ಸಿನ ಹೆಸರಿನಲ್ಲಿ ನಡೆಸುವುದು ಬೇಡ, ಅಲ್ಲಿಯ ಜನ ತಮ್ಮದೇ ಸಂಘ ಕಟ್ಟಿಕೊಳ್ಳಲಿ ಎಂದು ಠರಾಯಿಸಿದರು. ಹಾಗಾಗಿ ಅದು ಬೇರೆ, ಇಲ್ಲಿಯ ಸ್ಟೇಟ್ ಕಾಂಗ್ರೆಸ್ಸು ಬೇರೆ. ಇದು ಕೇಳುವುದು ನಿಜಾಮರ ಛತ್ರದಡಿಯಲ್ಲಿಯೇ ಜನರಿಗೆ ಜವಾಬ್ದಾರವಾದ ಸರಕಾರ. ಛತ್ರ ಕಿತ್ತುಹಾಕೆಂದು ಕೇಳಿಲ್ಲ. ಖಾದಿಯನ್ನು ಯಾರು ಬೇಕಾದರೂ ಉಡಬಹುದು. ಉಟ್ಟಮಾತ್ರಕ್ಕೆ ಯಾರೂ ಸದಸ್ಯರಾಗುವುದಿಲ್ಲ.

ಹಿಂದೂಗಳ ಪಾರ್ಟಿ ಎಂಬುದಕ್ಕೆ ಉತ್ತರವನ್ನು ವಕೀಲರ ಹಾಳೆಯಲ್ಲಿ ಬರೆದಿದ್ದೇನೆ. ಇಲ್ಲಿ ಮತ್ತೊಮ್ಮೆ ಬರೆಯಲು ಕೈ ಬರುತ್ತಿಲ್ಲ.

ಜಯದೇವಿ, ಬರೆದವನನ್ನು ಶಪಿಸಬೇಡ. ಯಾವನೋ ವಯಸ್ಸಾದವನಿರಬೇಕು.

ನಿನ್ನ ದೊಡ್ಡಮಾವ,
ಅಣವೀರಪ್ಪ

*

ಕಲಬುರಗಿ
ತಾ. ೨೧-೧೧-೧೯೩೮

ದೊಡ್ಡಮಾವನವರಿಗೆ ಶರಣಾರ್ಥಿ.

ನಿಮ್ಮ ಬರಹ ಓದಿ ವಕೀಲರು ಎದ್ದು ನಿಂತರು. ಆದರೆ ಕಾಗದಕ್ಕೆ ಕಾಗದ ಉತ್ತರವಾಗುವುದಿಲ್ಲವಂತೆ. ಮೊದಲಿನದನ್ನು ಬರೆದವನೇ ಅದಾಲತ್ತಿಗೆ ಬಂದು, ಅದು ತಪ್ಪೆಂದು ಬಾಯಿಬಿಟ್ಟು ಹೇಳಬೇಕಂತೆ. ಅವನು ಕಮಲಾಪುರದವನೇ, "ಊರಿನ ಪ್ರತಿಷ್ಠಿತ" ಎಂದು ಬರೆದಿದೆಯಂತೆ. ಅಲ್ಲಿ ಪ್ರತಿಷ್ಠಿತರು ಎಷ್ಟು ಜನ ಇದ್ದಾರು? ನೀವು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಹುಡುಕಿ. ಕಾಲು ಹಿಡಿಯಬೇಕೆಂದರೆ ನಾನು ಬಂದು ಹಿಡಿಯುತ್ತೇನೆ.

ಜಯದೇವಿ

*

ಕಮಲಾಪುರ
ತಾ. ೨೫-೧೧-೧೯೩೮

ಜಯದೇವಿ,

ಆಶೀರ್ವಾದ ಬರೆಯುವ ಯೋಗ್ಯತೆ ಇಲ್ಲ. ಆ ನಾಲ್ಕು ಪುಟ ನನ್ನವು.

ದೀಪಾವಳಿಗೆ ವಾರವಿರುವಾಗ ಪೊಲೀಸ ಅಮೀನ ಸಾಹೇಬರು ಠಾಣೆಗೆ ಕರೆಸಿದರು. ಹೆದರಿ ಹೋದೆ. ಅವರು ಎದ್ದು ಕುರ್ಚಿ ಎಳೆದು ಕೊಟ್ಟರು. ಅರವತ್ತಮೂರು ವರ್ಷದ ಬದುಕಿನಲ್ಲಿ ಸರಕಾರದ ಕಚೇರಿಯಲ್ಲಿ ನಾನು ಕುಳಿತದ್ದು ಅದೇ ಮೊದಲು. ಚಹಾ ತರಿಸಿದರು. "ಪಂಡಿತ್ ಸಾಬ್, ನಾನು ಈ ಸೀಮೆಗಿ ಹೊಸಬ. ಈ ಕಾಂಗ್ರೆಸ್ ಅಂದ್ರ ಏನು, ಯಾವಾಗ ಹುಟ್ಟ್ಯಾದ, ಅದರ ಮತಲಬ್ ಏನು, ಬರದ ಕೊಡ್ರಿ. ನಿಮ್ಮಷ್ಟ ತಿಳದವರು ಇಲ್ಲಿ ಯಾರೂ ಇಲ್ಲ ಅಂತಾರ" ಅಂದರು. ಸಾಯಬಣ್ಣನ ಹೆಸರು ಎತ್ತಲಿಲ್ಲ. ಅವರು ಮೋಸ ಮಾಡಿದರೆಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ಅವರು ಕೇಳಿದರು, ನಾನು ಬರೆದೆ. ಜಗಲಿಯ ಮೇಲೆ ಹೇಗೆ ಹೇಳುತ್ತಿದ್ದೆನೋ ಹಾಗೆ, ಹರಿದಲ್ಲಿ ಹೊಲಿಗೆ ಹಾಕಿ, ಎಲ್ಲವನ್ನೂ ಒಂದಿಷ್ಟು ದೊಡ್ಡದು ಮಾಡಿ. ಖಾದಿ ಉಟ್ಟವನೆಲ್ಲ ಸಿಪಾಯಿ ಎಂದು ಬರೆಯುವಾಗ ಮನೆಯಲ್ಲಿ ಒಬ್ಬ ಖಾದಿ ಉಟ್ಟವನಿದ್ದಾನೆಂದು ಹೊಳೆಯಲೇ ಇಲ್ಲ. ಅಕ್ಷರ ಚಂದವಾಗಿ ಬರುತ್ತಿದೆಯೇ ಎಂದಷ್ಟೇ ನೋಡುತ್ತಿದ್ದೆ. ಕೆಳಗೆ ಉದ್ದವಾಗಿ ಸಹಿ ಹಾಕಿದೆ.

ಇಷ್ಟನ್ನು ಬರೆದು ಮುಂಜಾನೆ ಅಂಚೆಗೆ ಹಾಕಲು ಹೋದೆ. ಪೆಟ್ಟಿಗೆಯವರೆಗೆ ಹೋಗಿ ತಿರುಗಿ ಬಂದೆ. ಇಷ್ಟೇ ಬರೆದರೆ ತಿಳಿಯದೆ ತಪ್ಪಿದ ಮುದುಕನೆಂದು ನೀನು ಮರುಗುತ್ತೀಯೆ. ಒಂದು ತಪ್ಪು ತಿಳಿಯದೆ ಆದದ್ದಲ್ಲ.

ಅಮೀನ ಸಾಹೇಬರು ನಡುವೆ, "ಇದು ಹಿಂದೂಗಳ ಪಾರ್ಟಿ ಅಲ್ಲೇನು?" ಅಂದರು. ಕೇಳಿದ್ದಷ್ಟೇ, ಹಾಗೆ ಬರೆಯೆಂದು ಹೇಳಲಿಲ್ಲ. ಕಾಂಗ್ರೆಸ್ಸಿನ ಎರಡನೆಯ ಅಧ್ಯಕ್ಷರು ಪಾರಸಿ, ಮೂರನೆಯವರು ಬದ್ರುದ್ದೀನ್ ತಯ್ಯಬ್ಜಿ ಎಂಬ ಮುಸಲ್ಮಾನರು, ನಾಲ್ಕನೆಯವರು ಇಂಗ್ರೇಜಿಯವರು. ಇದು ನನಗೆ ಹುಮನಾಬಾದಕ್ಕೆ ಹೋಗುವ ಮೊದಲೇ ಗೊತ್ತಿತ್ತು. ಹರಿಯದ, ಇಡಿಯಾದ ಒಂದು ಹಾಳೆಯಲ್ಲಿ ಓದಿದ್ದೆ. ಜಗಲಿಯ ಮೇಲೆ ಹೇಳಿಯೂ ಇದ್ದೆ, ಹೇಳಿದಾಗ ಮೈಬೂಬ ಎದುರಿಗೇ ಇದ್ದ. "ತಯ್ಯಬ್ಜಿ ಸಾಹೇಬರು ಏನು ಮಾತಾಡಿದ್ರು ಇನ್ನೊಮ್ಮೆ ಹೇಳ್ರಿ" ಎಂದು ಕೇಳಿ ಹೇಳಿಸಿಕೊಂಡಿದ್ದ. ಅಷ್ಟು ಗೊತ್ತಿದ್ದೂ, ಕುರ್ಚಿಯ ಮೇಲೆ ಕುಳಿತವನು, ಕುಳ್ಳಿರಿಸಿದವರ ಮಾತಿಗೆ ಅಲ್ಲವೆನ್ನಲು ಬಾಯಿ ಬರದೆ, "ಹೌದ್ರಿ ಸಾಹೇಬ" ಅಂದೆ. ಅಂದು ಬರೆದೂ ಕೊಟ್ಟೆ.

ಸಾಯಬಣ್ಣನನ್ನು ಹಿಡಿದ ದಿನವೇ, ಇದು ನನ್ನ ಕಾಗದದಿಂದಲೇ ಎಂದು ನನಗೆ ತಿಳಿದಿತ್ತು. ಮೊಣಕಾಲಿಗೆ ಏನೂ ಆಗಿಲ್ಲ.

ವಕೀಲರು ಹೇಳಿದ ದಿನ ಬಂದು ಹೇಳುತ್ತೇನೆ. ಸೂಗಮ್ಮನಿಗೆ ಹೇಳಿದ್ದೇನೆ. ಮೂರು ದಿನದಿಂದ ಅನ್ನ ಬಡಿಸಿಟ್ಟು ಒಳಗೆ ಹೋಗಿಬಿಡುತ್ತಾಳೆ.

ಅಣವೀರಪ್ಪ

*

ಕಮಲಾಪುರ
ತಾ. ೧೭-೧೨-೧೯೩೮

ಜಯದೇವಿ,

ನಿನ್ನಿಂದ ಉತ್ತರ ಬರಲಿಲ್ಲ, ಬರಲೆಂದು ನಿರೀಕ್ಷಿಸುವ ಹಕ್ಕೂ ಇಲ್ಲ. ಮೊನ್ನೆ ನೀನು ಅದಾಲತ್ತಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ನಿನ್ನ ತಾಯಿ ತುಳಜಾಬಾಯಿಯವರ ಜೊತೆ ನಿಂತಿದ್ದೆ. ನಾನು ಬಂದಾಗ ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗಿದೆ. ಸರಿ. ಒಳಗೆ ನಡೆದದ್ದನ್ನು ಮಾತ್ರ ನಾನೇ ನಿನಗೆ ಹೇಳಬೇಕು.

ನ್ಯಾಯ ಹೇಳುವ ಹಾಕಿಮರು ಎರಡೂ ಕಾಗದ ಮುಂದಿಟ್ಟುಕೊಂಡು, "ಇದು ಯಾರದು?" ಅಂದರು. ನನ್ನದೆಂದೆ. "ಇದು?" ಅದೂ ನನ್ನದೆಂದೆ. "ಯಾವುದು ಖರೆ?" ಎರಡನೆಯದು ನಿಜ, ಮೊದಲನೆಯದರಲ್ಲಿ ಕೆಲವು ತಿಳಿಯದೆ ಬರೆದ ಸುಳ್ಳು, ಒಂದು ತಿಳಿದು ಬರೆದ ಸುಳ್ಳು ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸರಕಾರಿ ವಕೀಲರು ಎದ್ದು ಬಹಳ ಮೆತ್ತಗೆ ಕೇಳಿದರು: "ಹಿರಿಯರ, ಅವತ್ತ ಅಮೀನರ ಮುಂದ ಕುಂತಾಗ ಅವರಿಗಿ ಬೇಕಾದದ್ದು ಬರದ್ರಿ. ಇವತ್ತ ಮನಿಯವರ ಮುಂದ ನಿಂತಾಗ ಇವರಿಗಿ ಬೇಕಾದದ್ದು ಹೇಳ್ಲಾಕತ್ತೀರಿ. ನಾವು ನಂಬೋದು ಹ್ಯಾಂಗ?"

ಹುಮನಾಬಾದದ ಪುಸ್ತಕ, ಇಸವಿ, ಊರು, ಎಲ್ಲ ಬಾಯಲ್ಲಿದ್ದವು. ಅವರು ಕೇಳಿದ್ದು ಅವನ್ನಲ್ಲ.

ಹಾಕಿಮರು ಎರಡೂ ಕಾಗದ ಬದಿಗೆ ಸರಿಸಿದರು. ಈ ಮುದುಕನ ಬರಹದಿಂದ ಏನೂ ಸಿದ್ಧವಾಗುವುದಿಲ್ಲ ಅಂದರು. ನಮ್ಮ ವಕೀಲರ ಮುಖ ಅರಳಿತು, ಬಿಡುಗಡೆಯೇ ಆಯಿತೆಂದು. ಆಗ ಹಾಕಿಮರು ಸಾಯಬಣ್ಣನ ಕಡೆ ನೋಡಿ, "ನೀ ಹೇಳು, ಸ್ಟೇಟ್ ಕಾಂಗ್ರೆಸ್ಸಿನಾಗ ಇದ್ದೀಯೇನು?" ಅಂದರು. ಇಲ್ಲ ಅಂದಿದ್ದರೆ ಸಂಜೆಯ ಮೋಟರಿಗೆ ಮನೆಯಲ್ಲಿರುತ್ತಿದ್ದ. ಅವನು, "ಇದ್ದೀನ್ರಿ. ಬಂದಿ ಬಿದ್ದ ಮ್ಯಾಲ ಹೆಸರ ಕೊಟ್ಟೀನಿ. ಶಾಂತಿಯಿಂದ ಕೇಳೋರು ನಾವು, ಅಷ್ಟಽ ಬರಕೊಳ್ರಿ" ಅಂದ. ಮೂರು ತಿಂಗಳು.

ಅವನು ಯಾಕೆ ಹಾಗೆ ಅಂದನೆಂದು ನಾನು ಬಲ್ಲೆ. ನಾನು ಎಲ್ಲರ ಮುಂದೆ ಬರಿಗೈಯಲ್ಲಿ ನಿಂತದ್ದನ್ನು ನೋಡಲಾರದೆ, ಜೇಲಿಗೆ ಹೋದದ್ದು ನನ್ನ ಕಾಗದದಿಂದಲ್ಲ ಎಂದಾಗಲಿ ಎಂದು ಅಂದ. ನನ್ನ ಮಾನಕ್ಕಾಗಿ ಮೂರು ತಿಂಗಳು ಹೋದ. ನಿನ್ನ ಕ್ಷಮೆ ಕೇಳುತ್ತೇನೆ, ಅವನ ಕ್ಷಮೆಯನ್ನೂ ನಿನ್ನ ಮೂಲಕ ಕೇಳುತ್ತೇನೆ.

ಅಣವೀರಪ್ಪ

*

ಕಲಬುರಗಿ
ತಾ. ೧೧-೧-೧೯೩೯

ದೊಡ್ಡಮಾವನವರಿಗೆ ಶರಣಾರ್ಥಿ.

ಉರುಸಿನ ಗದ್ದಲದಲ್ಲಿ ಒಂದು ವಾರ ರೋಜಾದ ದರ್ಗಾ ದಾಟಿ ಜೇಲಿನ ಕಡೆ ಹೋಗುವುದೇ ಆಗಲಿಲ್ಲ. ನಿನ್ನೆ ಜೇಲಿನಲ್ಲಿ ಇವರ ಭೇಟಿ ಆಯಿತು. ನಿಮ್ಮ ಕಾಗದವನ್ನು ಓದಿ ಹೇಳಿದೆ. ನಿಮ್ಮ ಮಾನಕ್ಕಾಗಿ ಜೇಲಿಗೆ ಹೋದರೆಂದು ಬರೆದಿದ್ದೀರಲ್ಲ, ಅಲ್ಲಿ ಇವರಿಗೆ ಸಿಟ್ಟು ಬಂತು. ನನ್ನ ಮದುವೆಯಾದ ಮೇಲೆ ನಿಮ್ಮ ವಿಷಯದಲ್ಲಿ ಇವರಿಗೆ ಸಿಟ್ಟು ಬಂದದ್ದು ನೋಡಿರಲಿಲ್ಲ. "ದೊಡ್ಡಪ್ಪಗ ಹೇಳು. ಅವ್ರು ಬರದಿದ್ದಕ್ಕ ನಾ ಬಂದಿಲ್ಲ, ಅವ್ರ ಮರ್ಯಾದಿಗೂ ಬಂದಿಲ್ಲ. ಹೆಸರ ಕೊಟ್ಟಿದ್ದು ನಾನು, ಕೇಳಿದ್ರು, ಹೌದಂದೆ. ಇದರಾಗ ಅವ್ರು ಪಾಲ ಕೇಳಬಾರದು" ಅಂದರು. ಆಮೇಲೆ ನಕ್ಕು, ನಿಮ್ಮ ಮೊಣಕಾಲು ಹೇಗಿದೆ ಎಂದು ಕೇಳಿದರು.

ಇವರು ಕ್ಷಮಿಸಿದ್ದಾರೋ ಇಲ್ಲವೋ, ಆ ಮಾತೇ ಆಡಲಿಲ್ಲ. ನಾನು ಇನ್ನೂ ಕ್ಷಮಿಸಿಲ್ಲ. ಸುಳ್ಳು ಹೇಳಿ ಏನು ಮಾಡಲಿ. ನನಗೆ ಅಕ್ಷರ ಕಲಿಸಿದವರು ನೀವು, ಆ ಅಕ್ಷರದಲ್ಲಿಯೇ ನಿಮಗೆ ಇದನ್ನು ಬರೆಯುವುದು ಕಷ್ಟ.

ಒಂದು ಮಾತು ಕೇಳುತ್ತೇನೆ. ನನ್ನನ್ನು ಕ್ಷಮೆ ಕೇಳಿದಿರಿ. ಇವರನ್ನು ಕೇಳಿದಿರಿ. ತಿಳಿದು ಬರೆದ ಸುಳ್ಳು ಒಂದೇ ಅಂದಿರಿ. ಅದು ತಾಗಿದ್ದು ನನಗಲ್ಲ, ಇವರಿಗೂ ಅಲ್ಲ. ಮೈಬೂಬ ಕಾಕಾ ಹದಿನೈದು ದಿನಕ್ಕೊಮ್ಮೆ ಹಣ್ಣು ತಂದು ಜೇಲಿನ ಬಾಗಿಲಲ್ಲಿ ನಿಲ್ಲುತ್ತಾರೆ. ಅವರನ್ನು ಕೇಳಿದಿರಾ?

ಜಯದೇವಿ

*

ಕಮಲಾಪುರ
ತಾ. ೧೯-೧-೧೯೩೯

ಚಿ. ಸೌ. ಜಯದೇವಿಗೆ,

ಕೇಳಿರಲಿಲ್ಲ. ಅವನಿಗೆ ಗೊತ್ತಿಲ್ಲ, ಗೊತ್ತಿಲ್ಲದವನಿಗೆ ಹೇಳಿ ನೋಯಿಸುವುದೇಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನ ಕಾಗದ ಬಂದ ಮೇಲೂ ನಾಲ್ಕು ದಿನ ಅದನ್ನೇ ಹೇಳಿಕೊಂಡೆ. ಇವತ್ತು ಮುಂಜಾನೆ ಅವನ ಮನೆಗೆ ಹೋದೆ.

ಇಪ್ಪತ್ತೆಂಟು ವರ್ಷದಲ್ಲಿ ನಾನು ಅವನ ಹೊಸ್ತಿಲು ತುಳಿದದ್ದು ಇವತ್ತೇ ಮೊದಲು. ಅವನ ಹೆಂಡತಿ ರೋಷನಬಿ ಗಾಬರಿಯಾಗಿ, "ಯಾಕ್ರಿ ಸಾವಕಾರ್ರ, ಹುಡುಗಗ ಏನರ ಆಯ್ತೇನ್ರಿ?" ಅಂದಳು. ಮೈಬೂಬ ಹಿತ್ತಿಲಲ್ಲಿ ಎತ್ತಿನ ಮೈ ತೊಳೆಯುತ್ತಿದ್ದ. ಅಲ್ಲಿಗೇ ಹೋಗಿ ನಿಂತು ಹೇಳಿದೆ. ಅಮೀನ ಸಾಹೇಬರು ಕೇಳಿದ್ದು, ನಾನು ಹೌದೆಂದದ್ದು, ಬರೆದದ್ದು, ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಅವನು ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ ರೀ" ಅಂದ.

ಯಾರು ಹೇಳಿದರು ಎಂದೆ.

"ಯಾರು ಹೇಳಬೇಕು. ಅವತ್ತ ಠಾಣಾಕ್ಕ ಕುದುರಿ ಹುಲ್ಲ ಹಾಕ್ಲಾಕ ಹೋಗಿದ್ದೆ. ಕಿಡಕಿ ಹಿಂದಽ ಇಳಸ್ಲಾಕತ್ತಿದ್ದೆ. ನೀವು ಹೌದ್ರಿ ಸಾಹೇಬ ಅಂದಿದ್ದು ಕೇಳೀನಿ."

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ, ಬಂದು ನನ್ನ ಮುಖಕ್ಕೆ ಉಗಿಯಬಾರದಾಗಿತ್ತೇ ಎಂದೆ. ಅವನು ಆಗ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ನೀವಽ ಹೇಳ್ತೀರಿ ಅಂತ ಮಾಡಿದ್ದೆ. ಗಂಟ ಇಳಸ್ಲಾಕ ಬಂದಾಗೆಲ್ಲ, ಇವತ್ತ ಹೇಳ್ತಾರ, ಇವತ್ತ ಹೇಳ್ತಾರ ಅನಕೋತಿದ್ದೆ. ನೀವು ಹಣ್ಣಿನ ಗೊನಿ ಕೊಟ್ಟು, ಜ್ವಾಕಿ ಮೈಬೂಬ ಅಂತಿದ್ರಿ. ಆಮ್ಯಾಲ ನಿಮ್ಮ ಮಾರಿ ನೋಡ್ಲಾಕ ನನಗಽ ನಾಚಿಕಿ ಬರ್ಲಾಕತ್ತು. ಅದಕ್ಕ ತಲಿ ಬಗ್ಗಿಸಿ ಗಂಟ ಇಳಿಸಿ ಹೋಗ್ತಿದ್ದೆ."

ಅವನು ತಲೆ ತಗ್ಗಿಸಿ ಹೋಗುತ್ತಿದ್ದದ್ದನ್ನು ನಾನು ನೋಡಿದ್ದೆ, ಜಯದೇವಿ. ಬೆನ್ನಿಗೆ ಭಾರವಾಗಿರಬೇಕು ಅಂದುಕೊಂಡಿದ್ದೆ. ಮೂರು ತಿಂಗಳು ಅವನು ನಾಚಿದ್ದಾನೆ, ನನ್ನ ಬದಲು.

ಅಣವೀರಪ್ಪ